ಲೆಕ್ಕದಮ್ಮ ಬಂದ ವಾರ

ಗುರುವಾರ, ಹನ್ನೊಂದನೇ ತಾರೀಕು

ಪ್ರೀತಿಯ ತಂಗಿಗೆ,

ನಿನ್ನೆ ಮಧ್ಯಾಹ್ನ ಊಟ ಮಾಡಿ ಕೂತಲ್ಲೇ ಕಣ್ಣು ಹತ್ತಿತು, ಕೆಟ್ಟ ಕನಸು ಬಿತ್ತು. ಅಂಗಡಿಯ ಬೀಗದ ಕೈಯನ್ನು ನಾನು ನುಂಗಿಬಿಟ್ಟಿದ್ದೆ. ಗಿರಾಕಿಗಳೆಲ್ಲ ಬೀದಿಯಲ್ಲಿ ಸಾಲಾಗಿ ನಿಂತು, "ಬಾಯಿ ತೆಗಿಯಮ್ಮಾ, ಹೊತ್ತಾಯ್ತು" ಅನ್ನುತ್ತಿದ್ದರು. ಎದ್ದ ಮೇಲೂ ಗಂಟಲು ಮುಟ್ಟಿ ಮುಟ್ಟಿ ನೋಡಿಕೊಂಡೆ.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆದಿಲ್ಲ, ಸಿಟ್ಟಾಗಬೇಡ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಪೆನ್ನು ಹಿಡಿದರೆ ಕೈಗಿಂತ ಮೊದಲು ಎದೆ ನಡುಗುತ್ತದೆ. ನಿನ್ನ ಯಜಮಾನರ ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅನ್ನು. ಹತ್ತಿದರೂ ನಿಧಾನ ಅನ್ನು.

ನಮ್ಮ ಗಾಜಿನ ಅಂಗಡಿಗೆ ಲೆಕ್ಕ ಬರೆಯುವವರನ್ನು ಇಟ್ಟುಕೊಂಡೆವು. ನಿನ್ನ ಭಾವನಿಗೆ ತೆರಿಗೆ ಕಾಗದಕ್ಕೆ ಅಂತ ಹೇಳಿದ್ದೇನೆ. ನಿಜ ನಿನಗೆ ಗೊತ್ತು, ಅವರ ಮರೆವು ಹೆಚ್ಚಾಗಿದೆ. ಹೋದ ತಿಂಗಳು ಹೋಟೆಲಿನವರ ಒಂದೇ ಕಿಟಕಿಗೆ ಮೂರು ಸಲ ಗಾಜು ಕತ್ತರಿಸಿ ಮೂರು ಬಿಲ್ಲು ಕಳಿಸಿದರು. ಹೋಟೆಲಿನವರು ಬಂದು, "ಏನ್ ಯಜಮಾನ್ರೆ, ನಮ್ದು ಕಿಟಕಿನೋ, ಮೀನಿನ ತೊಟ್ಟಿನೋ?" ಎಂದು ನಕ್ಕರು. ನಾನೂ ನಕ್ಕೆ. ಒಳಗೆ ಹೋಗಿ ಲೋಟ ತೊಳೆದೆ. ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದೆ.

ಡಾಕ್ಟರು, "ಮೊದಲು ನಿನ್ನೆ ಮೊನ್ನೆಯದು ಹೋಗುತ್ತೆ, ಆಮೇಲೆ ಹಳೇದು, ಜನ ಎಲ್ಲಕ್ಕಿಂತ ಕೊನೆಗೆ" ಅಂದಿದ್ದರು. ನಿನ್ನೆಯದನ್ನು ಯಾರಾದರೂ ಬರೆದಿಟ್ಟರೆ ಆಯಿತು, ನನ್ನ ಗುರುತೊಂದು ಉಳಿದರೆ ಅಂಗಡಿ ನಡೆಸಿಕೊಂಡು ಹೋಗಬಹುದು ಎಂದು ಲೆಕ್ಕ ಹಾಕಿದ್ದೆ.

ಮೊದಲು ಬಂದವರು ಕೋಟು ಹಾಕಿದ ಒಬ್ಬರು. ನಮ್ಮ ಪುಸ್ತಕ ತಿರುವಿ, "ಅಮ್ಮಾ, ಇದು ಲೆಕ್ಕನೋ ಒಗಟೋ?" ಎಂದರು. ಭಾವ ಅವರ ಹೆಸರು ಎರಡನೇ ಸಲ ಕೇಳಿದಾಗ ನನ್ನ ಕಡೆ ಹುಬ್ಬು ಹಾರಿಸಿದರು. ಚಹಾ ಕುಡಿಸಿ ಕಳಿಸಿಬಿಟ್ಟೆ.

ಆಮೇಲೆ ಒಬ್ಬ ಹೆಂಗಸು ಬಂದರು. ದಪ್ಪ ಕನ್ನಡಕ, ಹರಿದ ಚೀಲ. ಭಾವ ಕೇಳಿದರು, "ಕೂಡೋದು ಬೆರಳಲ್ಲೋ, ಮಿಷನ್‌ನಲ್ಲೋ?"

"ಬೆರಳು ಸಾಲದಿದ್ರೆ ಮಿಷನ್ನು, ಯಜಮಾನ್ರೆ."

ಭಾವ ನಕ್ಕರು. ಐದು ನಿಮಿಷಕ್ಕೆ ಅದೇ ಪ್ರಶ್ನೆ. ಆಕೆ ಅದೇ ಉತ್ತರ, ಅದೇ ಮುಖ. ನಾಲ್ಕನೇ ಸಲ ಕೇಳಿದಾಗ ಮಾತ್ರ, "ಈಗೀಗ ಕಾಲ್ಬೆರಳೂ ಸೇರಿಸ್ಕೋತೀನಿ" ಎಂದರು. ಭಾವ ಮೇಜು ಬಡಿದು ನಕ್ಕರು. ಆಕೆಗೆ ಎಷ್ಟು ಕೂಡಲು ಬರುತ್ತದೆ ಎಂದು ನಾನು ಕೇಳಲೇ ಇಲ್ಲ. ನಾಳೆಯಿಂದ ಬನ್ನಿ ಅಂದೆ. ತಪ್ಪು ಮಾಡಿದೆನೇ? ಚೀಲದಲ್ಲಿ ಏನಿರುತ್ತದೋ ಎಂದು ಎರಡು ದಿನ ಇಣುಕಿದೆ. ಊಟದ ಡಬ್ಬಿ, ಒಂದು ಛತ್ರಿ.

ಲೆಕ್ಕದಮ್ಮ ಅಂತಲೇ ಈಗ ಎಲ್ಲರೂ ಕರೆಯುತ್ತಾರೆ. ಬಂದ ವಾರದಲ್ಲೇ ಬಿಲ್ಲುಗಳನ್ನೆಲ್ಲ ಜೋಡಿಸಿಟ್ಟರು. ಭಾವನ ಕೈ ಏನೂ ಮರೆತಿಲ್ಲ, ನೋಡು. ಗಾಜಿನ ಮೇಲೆ ಒಂದೇ ಗೀರು ಎಳೆದು ತಟ್ಟಿದರೆ ಈಗಲೂ ನೂಲು ಹಿಡಿದ ಹಾಗೆ ಮುರಿಯುತ್ತದೆ. ನನಗೇ ಏನೋ ಆಗಿದೆ. ಚೂರು ಚುಚ್ಚಿದ್ದು ರಕ್ತ ಕಂಡ ಮೇಲೆ ಗೊತ್ತಾಗುತ್ತದೆ.

ನಿಮ್ಮ ಮನೆ ತಣ್ಣಗಿರಲಿ. ಮಕ್ಕಳಿಗೆ ನೂರು ವರ್ಷ ಆಯಸ್ಸಿರಲಿ, ನೂರು ವರ್ಷವೂ ಬುದ್ಧಿ ನೆಟ್ಟಗಿರಲಿ.

ನಿನ್ನ ಅಕ್ಕ

ಮಡಿಸಿದ ಕಾಗದ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೊನ್ನೆ ಸೋಮವಾರ ಲೆಕ್ಕದಮ್ಮ, ಅಂಗಡಿಯಲ್ಲಿ ಯಾರ್ಯಾರು ಕೆಲಸ ಮಾಡುತ್ತಾರೆ ಎಂದು ಪಟ್ಟಿ ಮಾಡಲು ಕೂತರು. ಭಾವ ತಮ್ಮ ಹೆಸರು ಹೇಳಿದರು, ಗಾಜು ಹೊರುವವರದು ಹೇಳಿದರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಮುಂದೆ ಕೂತಿರ್ತಾರಲ್ಲ, ಆ ಹೆಂಗಸು. ಅವರಿಗೂ ಸಂಬಳ ಬರ್ಕೊಳ್ಳಿ. ಪಾಪ, ಒಂದು ದಿನಾನೂ ರಜಾ ಹಾಕಿಲ್ಲ. ಸ್ವಲ್ಪ ಹೆಚ್ಚೇ ಬರೀರಿ" ಎಂದರು.

ಲೆಕ್ಕದಮ್ಮ ನನ್ನ ಮುಖ ನೋಡಿದರು. ನಾನು, "ಬರ್ಕೊಳ್ಳಿ" ಅಂದೆ.

"ಯಜಮಾನರಿಗೆ ಏನಾಗಬೇಕು ಅಂತ ಒಂದು ಕಾಲಂ ಇದೆ. ಏನು ಬರೀಲಿ?"

ಭಾವ ನನ್ನನ್ನು ಬಹಳ ಹೊತ್ತು ನೋಡಿದರು. "ನಮಗೆ ಏನೂ ಆಗ್ಬೇಕಿಲ್ಲ. ಒಳ್ಳೇ ಜನ" ಎಂದರು.

ಲೆಕ್ಕದಮ್ಮ ತಲೆ ಬಗ್ಗಿಸಿ ಏನೋ ಬರೆದರು. ಆ ಪಟ್ಟಿಯ ನಕಲು ಇದರ ಜೊತೆ ಇಟ್ಟಿದ್ದೇನೆ. ಆಕೆಯ ಕೈಬರಹ ಇರುವೆ ಸಾಲು, ನನಗೆ ಹತ್ತುವುದಿಲ್ಲ. ಬೆಳಿಗ್ಗೆ ಓದಿದರೆ ಹೆಂಡತಿ ಅಂತ ಕಾಣುತ್ತದೆ, ಸಂಜೆ ಓದಿದರೆ ಬೇರೇನೋ. ನೀನು ಓದಿದವಳು. ಕೊನೇ ಸಾಲು, ಬಲಗಡೆಯ ಕಾಲಂ. ಅಲ್ಲಿ ಏನಿದೆ ಎಂದು ಒಂದಕ್ಕೆರಡು ಸಲ ಸರಿಯಾಗಿ ನೋಡಿ ಬರೆ.