ಸಾಂಗ್ಲಿಯ ಕುದುರೆ

ಇಂಡಿ,
೧೮ ಡಿಸೆಂಬರ್ ೧೯೭೬, ಶನಿವಾರ

ಪ್ರೀತಿಯ ಪಂಢರಿಗೆ,

ಅವ್ವ ಬೀಸುವಾಗ ಗುನುಗುತ್ತಿದ್ದ ಒಂದು ಸಾಲು ಈ ವಾರವೆಲ್ಲ ನನ್ನ ತಲೆಯಲ್ಲಿ ಸುತ್ತುತ್ತಿದೆ. ‘ಮೊದಲು ಕಾಲಿಗೆ ನೀರು ಕೊಡು, ಆಮೇಲೆ ದಂಡಿನ ಸುದ್ದಿ ಕೇಳು.’ ಹೀಗೆಯೇ ಇತ್ತೋ, ಇಲ್ಲಾ ಇಷ್ಟು ವರ್ಷಗಳಲ್ಲಿ ನಾನೇ ನನಗೆ ಬೇಕಾದಂತೆ ತಿದ್ದಿಕೊಂಡೆನೋ ತಿಳಿಯದು. ಮುಂದಿನ ಸಾಲಂತೂ ಎಷ್ಟು ತಡಕಿದರೂ ಸಿಗುತ್ತಿಲ್ಲ. ಧಾರವಾಡದಲ್ಲಿ ಎಂ.ಎ.ಗೆ ಓದಿದ ಪದ್ಯಗಳು ಇಂದಿಗೂ ಬಾಯಿಗೆ ಬರುತ್ತವೆ, ಮನೆಯಲ್ಲಿ ದಿನಾ ಕಿವಿಗೆ ಬಿದ್ದದ್ದು ಮಾತ್ರ ಅರ್ಧಕ್ಕೆ ನಿಂತಿದೆ. ಆ ಸಾಲನ್ನು ಪೂರ್ತಿ ನಂಬಲಿಕ್ಕೂ ನನಗೆ ಆಗುತ್ತಿಲ್ಲ. ದಂಡಿನಿಂದ ಬಂದವನ ಮುಖ ಕಂಡ ಮೇಲೂ ಏನೊಂದೂ ಕೇಳದೆ ತಂಬಿಗೆ ತರಲು ಒಳಗೆ ಹೋಗುವುದು ಯಾರಿಂದಾದೀತು? ಇರಲಿ, ಅವ್ವನ ಮಾತಿಗೆ ಬೆಲೆ ಕೊಟ್ಟು ಮೊದಲು ನಿನ್ನ ಆರೋಗ್ಯವನ್ನೇ ಕೇಳುತ್ತೇನೆ. ಮದ್ರಾಸಿನಿಂದ ಹೊತ್ತು ತಂದ ಜ್ವರ ಇಳಿಯಿತೇ? ನಿದ್ದೆ ಬರುತ್ತಿದೆಯೇ? ಸೋತ ಮೇಲೆ ಊಟ ಬಿಡುವ ಹಳೆಯ ಚಾಳಿಯನ್ನು ನಿನ್ನ ಮನೆಯಾಕೆ ಇಂದೂ ಬಿಡಿಸಿದ್ದಾಳೆಂದು ನಂಬಿದ್ದೇನೆ. ನಮ್ಮ ಗಿಡದ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿಟ್ಟಿದ್ದೇನೆ. ಮುಂಬೈ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ.

ನಾವು ಕ್ಷೇಮ. ಅಪ್ಪನ ಕಣ್ಣಿನ ಪೊರೆ ತೆಗೆಸಿದರೂ ಸಣ್ಣ ಅಕ್ಷರ ಕಾಣುವುದಿಲ್ಲ, ಹಾಗಾಗಿ ನಿನ್ನ ಪತ್ರವನ್ನು ನಾನೇ ಓದಿ ಹೇಳಿದೆ. ಮದ್ರಾಸಿನ ಚದುರಂಗದ ಪಂದ್ಯದಲ್ಲಿ ಸಾಲಾಗಿ ಸೋತದ್ದನ್ನು ಓದಿದೆ. ಹಂಗೇರಿಯ ಪಂದ್ಯಕ್ಕೆ ಬಂದ ಕರೆಗೆ ಈ ತಿಂಗಳ ಕೊನೆಯೊಳಗೆ ಒಲ್ಲೆನೆಂದು ಬರೆದು ಆಟವನ್ನೇ ಬಿಡುವೆನೆಂದದ್ದನ್ನೂ ಓದಿದೆ. ಹೊರದೇಶದ ಅಂಥ ಪಂದ್ಯಗಳಲ್ಲಿ ಗೆಲ್ಲದೆ ಗ್ರ್ಯಾಂಡ್‌ಮಾಸ್ಟರ್ ಪದವಿ ಸಿಗದು, ನಮ್ಮ ದೇಶದಲ್ಲಿ ಅದನ್ನು ಇನ್ನೂ ಯಾರೂ ಮುಟ್ಟಿಲ್ಲ ಎಂದು ನನಗೆ ತಿಳಿಸಿ ಹೇಳಿದವನು ನೀನೇ. ಕೊನೆಗೆ ಹೀಗೆ ಬರೆದಿದ್ದೆ: ‘ಉಳಿದವರು ಪುಸ್ತಕ ನೋಡಿ ಸರಿಯಾಗಿ ಕಲಿತರು. ನಾನು ಇಂಡಿಯಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ತಪ್ಪು ಕಲಿತೆ. ಸಾಂಗ್ಲಿಯ ಕುದುರೆ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.’ ಅದನ್ನೂ ಓದಿದೆ. ಅಡಿಕೆ ಕತ್ತರಿಸುತ್ತಿದ್ದ ಅಪ್ಪ ಅಡಕೊತ್ತು ಕೆಳಗಿಟ್ಟು, “ಆ ಕುದರಿ ಇನ್ನೂ ಅದ ಏನು?” ಎಂದರು. ಅಷ್ಟೇ.

ಇಂದೂ ಈ ಪತ್ರ ಓದುತ್ತಾಳೆ, ಅವಳಿಗೆ ಈ ಕಥೆ ನೀನು ಪೂರ್ತಿ ಹೇಳಿರಲಿಕ್ಕಿಲ್ಲ. ಇಂದೂ, ನಮ್ಮ ಕಟ್ಟೆಯ ಆಟದಲ್ಲಿ ಎದುರಿನ ಕೊನೆಯ ಸಾಲು ಮುಟ್ಟಿದ ಪ್ಯಾದೆ, ಅಂದರೆ ಕಾಲಾಳು, ಯಾವ ಕಾಯಿಯ ಮನೆಗೆ ತಲುಪಿತೋ ಆ ಕಾಯಿಯೇ ಆಗುತ್ತದೆ. ಆನೆಯ ಮನೆಗೆ ಹೋದರೆ ಆನೆ, ಒಂಟೆಯ ಮನೆಗೆ ಹೋದರೆ ಒಂಟೆ. ಹೊರಗಿನ ಆಟದಲ್ಲಿ ಹಾಗಲ್ಲ, ಎಲ್ಲಿಗೆ ಹೋದರೂ ಬೇಕಾದ ಕಾಯಿ ಕೇಳಬಹುದು, ಎಲ್ಲರೂ ಎಲ್ಲಕ್ಕಿಂತ ಬಲವಾದ ವಜೀರನನ್ನೇ ಕೇಳುತ್ತಾರೆ. ನಿನ್ನ ಗಂಡ ಮೀಸೆ ಮೂಡದ ವಯಸ್ಸಿನಲ್ಲಿ ಸಾಂಗ್ಲಿಯ ದೊಡ್ಡ ಪಂದ್ಯಕ್ಕೆ ಹೋಗಿ ಕೊನೆಯ ಆಟದವರೆಗೂ ಗೆದ್ದ. ಕೊನೆಯ ಆಟದಲ್ಲಿ ಅವನ ಪ್ಯಾದೆ ಕುದುರೆಯ ಮನೆ ಮುಟ್ಟಿತು. ಅಪ್ಪ ಕಲಿಸಿದಂತೆ ಅವನು ಅದನ್ನು ತೆಗೆದು ಕುದುರೆಯನ್ನಿಟ್ಟ. ಸಭಾಗೃಹವೆಲ್ಲ ನಕ್ಕಿತಂತೆ. ಯಾಕೆ ನಗುತ್ತಾರೆಂದು ಯಾರೋ ಮರಾಠಿಯಲ್ಲಿ ತಿಳಿಸಿ ಹೇಳಿದಾಗ ಇವನು ಆಟ ಮುಗಿಸದೆಯೇ ಎದುರಾಳಿಯ ಕೈ ಕುಲುಕಿ ಎದ್ದುಬಿಟ್ಟ.

ಪಂಢರಿ, ನೀನು ಬಸ್ಸಿಳಿದು ಬಂದ ಆ ಸಂಜೆ ನನ್ನ ಕಣ್ಣ ಮುಂದಿದೆ. ನೀನಿನ್ನೂ ಓಣಿಯಲ್ಲಿರುವಾಗಲೇ ಅಪ್ಪ ಕಟ್ಟೆಯ ಮೇಲಿಂದ “ಏನಾತೋ?” ಎಂದರು. ಕಾಲಿಗೆ ನೀರಿಲ್ಲ, ಕೂಡ್ರು ಎಂಬುದಿಲ್ಲ. ನೀನು ನಿಂತಲ್ಲೇ ಬಾಗಿ, ಹಾಸಿದ್ದ ಆಟದ ಮೇಲೆ ಸಾಂಗ್ಲಿಯ ಕಾಯಿಗಳನ್ನು ಇಟ್ಟು ತೋರಿಸಿ, “ಇದು ನೀವು ಕಲಿಸಿದ್ದು. ಇದಕ್ಕ ಮಂದಿ ನಕ್ಕರು” ಎಂದೆ. ಅಪ್ಪ ಕಾಯಿ ಕಟ್ಟಿ ಆಟವನ್ನು ಅಟ್ಟಕ್ಕೆ ಏರಿಸಿದರು. ಆಮೇಲೆ ನೀನು ಹೊರಗಿನ ಕಾಯಿದೆ ಕಲಿತೆ, ರಾಜ್ಯಕ್ಕೆ ಮೊದಲಿಗನಾದೆ, ದೇಶದ ಪಂದ್ಯಗಳಲ್ಲಿ ಗೆದ್ದೆ, ಪೇಪರಿನಲ್ಲಿ ನಿನ್ನ ಹೆಸರು ಬಂತು. ಅಪ್ಪ ಮಾತ್ರ ಅಂದಿನಿಂದ ಕಾಯಿ ಮುಟ್ಟಲಿಲ್ಲ. ಎದುರು ಮನೆಯ ಜೈನುದ್ದೀನ ಕಾಕಾ ರೂಢಿ ತಪ್ಪದೆ ಬಂದು ಕೂಡುತ್ತಿದ್ದರು, ಇಬ್ಬರೂ ಮಳೆ, ಪೆನ್ಶನ್ನು ಎಂದು ಮಾತಾಡಿ ಏಳುತ್ತಿದ್ದರು.

ನಿನ್ನ ಪತ್ರ ಓದಿದ ಮರುದಿನ ಅಪ್ಪ ಅಟ್ಟದ ಮೇಲಿನ ಆಟ ಇಳಿಸಲು ಹೇಳಿದರು. ನೀನು ಬಿಟ್ಟುಹೋದ ಇಂಗ್ಲಿಷ್ ಕಾಯಿದೆ ಪುಸ್ತಕವನ್ನು ನನ್ನಿಂದ ಓದಿಸಿ, ಕನ್ನಡದಲ್ಲಿ ಹೇಳಿಸಿಕೊಂಡರು. ಮಗ್ಗುಲಲ್ಲಿ ಹಾದು ಹೋದ ಪ್ಯಾದೆಯನ್ನೂ ಹೊಡೆಯಬಹುದೆಂದು ಕೇಳಿ ಜೈನುದ್ದೀನ ಕಾಕಾನಿಗೆ ಸಿಟ್ಟೇ ಬಂತು. “ಇದು ಆಟಲ್ರಿ ಮಾಸ್ತರ್ರ, ಕಿಸೆ ಕತ್ತರಸೂದು” ಎಂದರು. “ಸರಕಾರದ ಸರ್ಕ್ಯುಲರ್ ಅಂತ ತಿಳಕೋ. ಪೋಸ್ಟಮಾಸ್ತರ ಇದ್ದಾಂವ, ಅದನ್ನೂ ಹೇಳಿಕೊಡಬೇಕೇನು ನಿನಗ?” ಎಂದು ಅಪ್ಪ ಕಾಯಿ ಜೋಡಿಸತೊಡಗಿದರು. ಆಟ ಶುರುವಾಗುವ ಸಾಲುಗಳಲ್ಲಿ ಅಲ್ಲ. ಒಂದು ಇಲ್ಲಿ, ಒಂದು ಅಲ್ಲಿ. ನೀರು ತುಂಬುತ್ತಿದ್ದ ನಾನು ನಿಂತು ನೋಡಿದೆ. ಆ ಸಂಜೆ ನೀನು ಇಟ್ಟು ತೋರಿಸಿದ ಸಾಂಗ್ಲಿಯ ಆಟ ಅದು. ಒಮ್ಮೆ ಮಾತ್ರ ಕಂಡದ್ದು. ಇಷ್ಟು ವರ್ಷ ಆಟ ಅಟ್ಟದಲ್ಲಿತ್ತು, ಕಾಯಿಗಳು ಅಪ್ಪನ ತಲೆಯಲ್ಲಿ ನಿಂತಲ್ಲೇ ನಿಂತಿದ್ದವು.

ಕುದುರೆಯ ಮನೆಯಲ್ಲಿದ್ದ ಪ್ಯಾದೆಯನ್ನು ತೆಗೆದು ಕುದುರೆಯನ್ನಿಟ್ಟರು. ವಜೀರನನ್ನು ತೆಗೆದುಕೊಳ್ಳಿರಿ, ಹೊಸ ಕಾಯಿದೆ ಈಗಷ್ಟೇ ಓದಿದಿರಲ್ಲ ಎಂದು ಕಾಕಾ ನೆನಪಿಸಿದರೆ ಅಪ್ಪ ಹೇಳಿದ್ದು: “ಅಂವ ತಗೊಂಡಿದ್ದು ಕುದರಿ. ಅದರಾಗ ಗೆಲ್ಲಾಕ ಬರ್ತದೋ ಇಲ್ಲೋ ಅಷ್ಟ ನೋಡೂದು ನಾವು. ನೀ ಸಾಂಗ್ಲಿಯಾಂವ ಆಗು.”

ಅಂದಿನಿಂದ ಇದೇ ನಡೆದಿದೆ. ಕಾಕಾ ಸುಲಭದ ಎದುರಾಳಿಯಲ್ಲ, ಕೈ ಬಿಟ್ಟು ಆಡುವುದಂತೂ ಅವರ ಜಾಯಮಾನವಲ್ಲ. ಮೊದಲು ಅಪ್ಪನೇ ಸೋತರು. ಆಮೇಲೆ ಕಾಕಾನ ಕಡೆಯ ಒಂದು ಪ್ಯಾದೆ ಯಾವ ಮನೆಯಲ್ಲಿತ್ತೆಂದು ಜಗಳ ಹುಟ್ಟಿತು. ಅಂದು ಕಾಕಾನೂ ಕಟ್ಟೆಯ ಮೇಲಿದ್ದರಲ್ಲ. ಅದು ಆನೆಯ ಮುಂದೆಯೇ ಇತ್ತೆಂದು ಅವರು, ಇಲ್ಲ, ಒಂದು ಮನೆ ಈಚೆಗಿತ್ತೆಂದು ಅಪ್ಪ. ಮೊನ್ನೆ ಕಾಕಾನ ಹೆಂಡತಿ ರಾಜಬಿ ಕಾಕಿ ಚಹಾ ತಂದಿಟ್ಟು, “ಇಬ್ಬರೂ ರಾಜಾನ್ನ ಕಾಯ್ಕೋತ ಕುಂದರ್ರಿ. ಅತ್ತಾಗ ಹಿತ್ತಲದಾಗ ನಮ್ಮ ಕೋಳಿ ಬೆಕ್ಕಿನ ಬಾಯಾಗ ಹೋತು” ಎಂದರೆ ಇಬ್ಬರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ಪ್ಯಾದೆ ನಿಜವಾಗಿ ಎಲ್ಲಿತ್ತೆಂದು ನಿನ್ನನ್ನೇ ಕೇಳಿ ಬರೆಯಲೇ ಎಂದೆ. ಅಪ್ಪ ಒಪ್ಪಲಿಲ್ಲ. ನೀನು ಮತ್ತೆ ಅದನ್ನು ನೆನೆಸಿಕೊಂಡು ಕೂಡುವುದು ಬೇಡವಂತೆ. ಎರಡೂ ಕಡೆ ಇಟ್ಟು ನೋಡುತ್ತೇವೆ ಎಂದರು. ಒಂದು ಕಾಯಿ ಸರಿಸಿ, ನನ್ನ ಕಡೆ ನೋಡದೆ, “ಬರಾಂವಿದ್ರ ಬರಲಿ. ಈ ಸಲಾ ನಾ ಏನೂ ಕೇಳಂಗಿಲ್ಲ ಅಂತ ಬರಿ” ಎಂದರು. ಅವ್ವನ ಆ ಸಾಲನ್ನು ನಾನು ಅವರಿಗೆ ಹೇಳಿರಲಿಲ್ಲ.

ಹಂಗೇರಿಗೆ ಹೋಗು ಎನ್ನಲು ನಾನು ಯಾರು? ಆ ಆಟದ ನೋವು ನಿನಗೆ ಗೊತ್ತು, ನಾನು ದೂರ ನಿಂತು ನೋಡಿದವಳು. ಆದರೆ ಕಟ್ಟೆಯ ಮೇಲೆ ತಪ್ಪು ಕಲಿತೆನೆಂಬ ಮಾತನ್ನು ನಂಬಿಕೊಂಡು ಆಟದಿಂದ ಏಳಬೇಡ. ಬೇರೆ ಯಾವ ಕಾರಣವಿದ್ದರೂ ನಾನು ಒಪ್ಪುತ್ತೇನೆ. ಇವರಿಬ್ಬರ ಆಟ ಮುಗಿಯುವವರೆಗೆ ಆ ಒಲ್ಲೆನೆಂಬ ಪತ್ರವನ್ನು ಮೇಜಿನ ಮೇಲೆ ಇಟ್ಟುಕೋ, ಇಷ್ಟೇ ನನ್ನ ಬೇಡಿಕೆ. ನಿನಗೂ ಇಂದೂಗೂ ಅಪ್ಪನ ಆಶೀರ್ವಾದ. ಜೋಳ ಹಾಲುಗಾಳಾಗಿದೆ, ಎಳೆ ತೆನೆ ಸುಟ್ಟು ಸೀತನಿ ತಿನ್ನುವ ನೆಪ ಮಾಡಿಯಾದರೂ ಇಬ್ಬರೂ ಒಮ್ಮೆ ಬನ್ನಿರಿ. ಬಾಗಿಲ ಹತ್ತಿರ ತುಂಬಿದ ತಂಬಿಗೆ ಇಟ್ಟಿರುತ್ತೇನೆ.

ನಿನ್ನ
ಜಾನಕಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಷ್ಟರಲ್ಲಿ ಜೈನುದ್ದೀನ ಕಾಕಾ ಕಟ್ಟೆಯಿಂದೆದ್ದು ಬಂದರು. ಟಪಾಲು ಹೊರಡುವ ಹೊತ್ತಾಗಿದೆ, ಅವಸರದಲ್ಲಿ ಅವರ ಮಾತನ್ನಷ್ಟೇ ಬರೆಯುತ್ತಿದ್ದೇನೆ. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಹೇಳಿದರು: “ಪ್ಯಾದಿ ಅಲ್ಲಿಟ್ರೂ ಸೋತೆ, ಇಲ್ಲಿಟ್ರೂ ಸೋತೆ, ಜಾನಕವ್ವಾ. ಆ ಕುದರಿಗೇ ಸೋತೆ. ಪಂಢರಿಗೆ ಬರಿ, ಅವತ್ತ ಅಂವ ಎದ್ದು ಬಂದಾನ, ಸೋತು ಬಂದಿಲ್ಲ.”