ಜೋಡಿ ಸಿಕ್ಕ ವರ್ಣತಂತುಗಳು

ದೊಡ್ಡಪ್ಪನಿಗೆ ನಮಸ್ಕಾರ.

ಕಾರ್ಡಿನ ಮೂಲೆಯಲ್ಲಿರುವ ಕೆಂಪು ರಕ್ತವಲ್ಲ, ಮೊಗ್ಗಿಗೆ ಹಾಕುವ ಬಣ್ಣ. ನಾನು ಆರೋಗ್ಯವಾಗಿದ್ದೇನೆ.

ಇಲ್ಲಿ ನಮ್ಮ ಕಾಲೇಜಿನಲ್ಲಿ ಎರಡು ಬೇರೆ ಕುಲದ ಪೊದೆಗಳನ್ನು ಕೂಡಿಸಿ ಒಂದು ಗಿಡ ಬೆಳೆಸಿದ್ದಾರೆ. ಇವತ್ತು ಅದರ ಎಳೆಮೊಗ್ಗನ್ನು ಗಾಜಿನ ಮೇಲೆ ಹೆಬ್ಬೆರಳಿನಿಂದ ಅಪ್ಪಚ್ಚಿ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಪರಾಗವಾಗುವ ಮುಂಚೆ ತಾಯಿಯ ಕಡೆಯ ವರ್ಣತಂತುಗಳು ತಂದೆಯ ಕಡೆಯವುಗಳಲ್ಲಿ ಜೋಡಿ ಹುಡುಕುತ್ತವೆ. ಸಂಬಂಧವೇ ಇಲ್ಲದಿದ್ದರೆ ಒಂಟಿಯಾಗಿ ಉಳಿಯುತ್ತವೆ. ಇವು ನೋಡಿದರೆ ಒಂದೂ ಬಿಡದೆ ಮೈಗೆ ಮೈ ತಾಗಿಸಿ ನಿಂತಿವೆ! “ಮನೆ ಪಾಲಾಗಿದೆ ಅಷ್ಟೇ ಕಣಮ್ಮ, ನೆಂಟಸ್ತನ ಎಲ್ಲಿ ಹೋಗತ್ತೆ?” ಎಂದು ನಮ್ಮ ಮೇಡಂ ನಕ್ಕರು.

ಅಪ್ಪನಿಗೆ ಬೇರೆ ಕಾರ್ಡ್ ಹಾಕುತ್ತಿಲ್ಲ. ಮನೆ ಪಾಲಾದ ಮೇಲೆ ನೀವು ಅಣ್ಣ ತಮ್ಮ ಮಾತು ಬಿಟ್ಟಿರುವುದು ಗೊತ್ತು. ಆದರೆ ಅವರ ಕನ್ನಡಕ ಒಡೆದಿದೆಯಂತೆ; ನಡುಗೋಡೆಯಾಚೆ ಹೋಗಿ ನೀವೇ ಗಟ್ಟಿಯಾಗಿ ಓದಿ ಹೇಳಿ.

ಅವಸರದಲ್ಲಿ,
ನಿಮ್ಮಿಬ್ಬರ ಮಗಳು