ಅಳಿಸಿದ ಕೋಲು

ಶಿರಹಟ್ಟಿ,
ಗುರುವಾರ

ಪಾಸ್ಟರ್ ಪ್ರಸನ್ನಪ್ಪ ಅವರಿಗೆ,

ಯೇಸುಸ್ವಾಮಿ ಹೆಸರಿಗೆ ವಂದನೆ. ನಿಮಗ ವಂದನೆ ಹೇಳಾಕ ಈ ಸಲ ಮನಸಿಲ್ಲ.

ಬಸ್ ಸ್ಟ್ಯಾಂಡಿನ್ಯಾಗ ನಿಮ್ಮ ಪ್ರಾರ್ಥನಾ ಕೂಟದ ಫ್ಲೆಕ್ಸ್ ನೋಡಿದೆ. ಕ್ರಿಸ್ಮಸ್ಸಿಗೆ ತಗದ ನನ್ನ ಫೋಟೋದ ಕೆಳಗ "ಪ್ರಾರ್ಥನೆಯಿಂದ ಎದ್ದು ನಡೆದ ಸಹೋದರಿ" ಅಂತ ಬರಿಸೀರಿ. ಬಗಲಾಗಿನ ಕೋಲು ಅಳಿಸೀರಿ. ಕೋಲು ಹಿಡಿದ ಕೈ ಮಾತ್ರ ಹಂಗ ಉಳದೈತಿ, ಗಾಳಿ ಹಿಡಕೊಂಡಂಗ. ಹೇಸಿಗಿ ಬಂತ್ರಿ.

ಬೆಳ್ಳಟ್ಟಿಯ ನನ್ನ ಗೆಳತಿ ಖೈರುನಬಿ ಅದನ್ನ ಖರೆ ಅಂತ ತಿಳದು, ಶಿರಾ ಮಾಡಿಕೊಂಡು ಓಡಿ ಬಂದಳು. ನಾ ಕೋಲು ಊರಿಕೊಂಡು ಬಾಗಲಾ ತಗದೆ. ಆಕಿ ಡಬ್ಬಿ ಸೆರಗಿನ್ಯಾಗ ಮುಚ್ಚಿಕೊಂಡಳು. ನಿಮ್ಮ ಸುಳ್ಳಿಗೆ ಆಕಿ ನಾಚಿಕೊಂಡಳು.

ಟ್ರ್ಯಾಕ್ಟರ್ ಬಡದು ಕಾಲು ಊನಾದಾಗ ನನ್ನ ಹಿಡಿದು ನಿಲ್ಲಿಸಿದ್ದು ಸತ್ಯವೇದನ, ನಮ್ಮ ಬೈಬಲ್ಲು. ಅದರಾಗ, ಮೈಯಾಗಿನ ಮುಳ್ಳು ತಗಿ ಅಂತ ಸಂತ ಪೌಲ ದೇವರನ್ನ ಮೂರು ಸಲ ಬೇಡಿಕೊಂಡ. ದೇವರು ತಗೀಲಿಲ್ಲ, ನನ್ನ ಕೃಪಾ ನಿನಗ ಸಾಕು ಅಂದ. ನೋವು ಹೆಚ್ಚಾದಾಗೆಲ್ಲಾ ಅದನ್ನ ಓದತೀನಿ, ಮನಸು ಗಟ್ಟಿ ಆಗತೈತಿ. ಪೌಲ ಈಗ ನಿಮ್ಮ ಕೈಯಾಗ ಸಿಕ್ಕಿದ್ರ, ಅವನ ಮುಳ್ಳೂ ಅಳಿಸಿ ಫ್ಲೆಕ್ಸ್ ಕಟ್ಟಿಸ್ತಿದ್ರಿ.

ಅದನ್ನ ನಾಳೆನ ಇಳಿಸಿ ನಮ್ಮ ಮನಿಗೆ ಕಳಸ್ರಿ. ಬಚ್ಚಲಮನಿ ಸೋರತೈತಿ, ಮ್ಯಾಲೆ ಹೊಚ್ಚಾಕ ಬರತೈತಿ.

ಐತವಾರ ಕೂಟಕ್ಕ ಬರತೀನಿ. ದೇವರು ಮಾಡಿದ್ದರ ಸಾಕ್ಷಿ ಹೇಳಾಕ ಕರದ್ರ ವೇದಿಕಿನೂ ಹತ್ತತೀನಿ. ಆದ್ರ ಮೆಟ್ಟಲಾ ಭಾಳ ಎತ್ತರ ಅದಾವು. ನೀವ ಇಳಿದು ಬಂದು ನನ್ನ ಕೈ ಹಿಡೀಬೇಕಾಗತೈತಿ, ಎಲ್ಲಾರ ಎದುರಿಗೆ.

ಇಂತಿ,
ಗುಣ ಆಗದ ಎಸ್ತೇರವ್ವ